ಈಚಲು ಗರಿಯಲ್ಲಿ ಹೆಣೆದ ಸೆರಗು

ಕಣ್ಣಿಗೆ ಪೊರೆ ಬಂದು ನಾನು ಕೆಲಸ ಬಿಟ್ಟ ದಿನ ನಮ್ಮ ಬೀದಿಯ ಮಗ್ಗದವರೆಲ್ಲ ನೆಮ್ಮದಿಯ ಉಸಿರು ಬಿಟ್ಟರಂತೆ. ಬಿಡಲಿ, ನನಗೇನು ಬೇಸರವಿಲ್ಲ. ಮೂವತ್ತೆಂಟು ವರ್ಷ ಅವರನ್ನೂ ಅವರ ಅಪ್ಪಂದಿರನ್ನೂ ಬೈದ ಬಾಯಿ ಇದು. ಈಗ ನೋಡಿದರೆ ಅವರ ಮಕ್ಕಳೇ ಬಂದು ನನ್ನ ಜಗಲಿ ಹತ್ತಿ ಕೂರುತ್ತಾರೆ. "ಪಾಪಣ್ಣಜ್ಜ, ಮಗ್ಗದ ಮ್ಯಾಲೆ ಕೂರಿಸೋ ಈ ತೂತಿನ ರಟ್ಟು ಬರೋಕೆ ಮುಂಚೆ ಸೀರೆ ಮ್ಯಾಲೆ ಹೂವು ಹೆಂಗೆ ಎತ್ತುತಿದ್ರಿ? ಒಂದಿಷ್ಟು ಬರೆದಿಡ್ರಿ" ಎನ್ನುತ್ತಾರೆ. ಕಣ್ಣು ಕಾಣದವನಿಗೆ ಬರೆ ಅಂದರೆ ಹೆಂಗಪ್ಪ? ನಾನು ಹೇಳುತ್ತೇನೆ, ಮೊಮ್ಮಗಳು ಬರೆಯುತ್ತಾಳೆ. ತಪ್ಪಿದ್ದರೆ ಅವಳದು, ಸರಿಯಿದ್ದರೆ ನನ್ನದು.

ನನ್ನ ಸೀರೆ ಯಾವ ದೊಡ್ಡವರ ಮನೆಗೆ ಹೋಯಿತು, ಯಾರು ಶಾಲು ಹೊದಿಸಿದರು ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಶಾಲನ್ನು ಇಲಿ ಕಡಿದಿದೆ. ಕೆಲಸದ ಮಾತು ಹೇಳುತ್ತೇನೆ.

ಮೊಳಕಾಲ್ಮೂರಿನಲ್ಲಿ ನನ್ನ ಕೆಲಸ ನಕಾಶೆ ಕಟ್ಟುವುದು. ನೇಯುವವನು ಬೇರೆ, ನಾನು ಬೇರೆ. ಮಗ್ಗದ ಮೇಲೆ ದಾರಗಳ ಗೊಂಚಲುಗಳನ್ನು ಇಳಿಬಿಟ್ಟಿರುತ್ತಾರೆ. ಯಾವ ಗೊಂಚಲು ಎಳೆದರೆ ಹಾಸಿನ, ಅಂದರೆ ಉದ್ದ ನೂಲಿನ, ಯಾವ ಎಳೆ ಮೇಲೇಳಬೇಕು ಎನ್ನುವುದನ್ನು ಗಂಟು ಹಾಕಿ ಗೊತ್ತುಮಾಡುವವನು ನಾನು. ಗಂಟು ಸರಿಯಿದ್ದರೆ ಜರಿಯಲ್ಲಿ ಹಂಸ ಬರುತ್ತದೆ. ತಪ್ಪಿದರೆ ಹಂಸದ ಕೊಕ್ಕು ಬಾಲದ ಹತ್ತಿರ ಬರುತ್ತದೆ. ನೇಯುವವನು ನನ್ನನ್ನು ಬೈಯುತ್ತಾನೆ, ನಾನು ಅವನನ್ನು ಬೈಯುತ್ತೇನೆ, ಇಬ್ಬರನ್ನೂ ಯಜಮಾನರು ಬೈಯುತ್ತಾರೆ. ಕೆಲಸ ಕಲಿಯುವುದು ಹೀಗೇ.

ನನ್ನ ಮೊದಲ ದೊಡ್ಡ ತಪ್ಪು ಹಂಸದ್ದೇ. ಮದುವೆ ಸೀರೆ ಅದು, ಅಂಚಿನಲ್ಲಿ ಜೋಡಿ ಹಂಸಗಳು ಎದುರುಬದುರಾಗಿ ಇರಬೇಕು. ನಾನು ಬಲದ ಗೊಂಚಲನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಕಟ್ಟಿಬಿಟ್ಟಿದ್ದೆ. ಸೀರೆಯ ಮುಖ ಮಗ್ಗದಲ್ಲಿ ಕೆಳಗಡೆಗೆ ಇರುತ್ತದೆ, ಹಾಗಾಗಿ ಯಾರಿಗೂ ಕಾಣಲಿಲ್ಲ. ಇಡೀ ಸೀರೆ ಮುಗಿಸಿ ಇಳಿಸಿ ಹರಡಿದರೆ, ಅಷ್ಟುದ್ದಕ್ಕೂ ಹಂಸಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ!

ನಮ್ಮ ಯಜಮಾನರು ಚೌಡಪ್ಪನವರು. ಹನ್ನೆರಡು ಮಗ್ಗದ ಒಡೆಯರು. ಸಿಟ್ಟು ಬಂದರೆ ಕನ್ನಡ ಬಿಟ್ಟು ಮನೆಮಾತು ತೆಲುಗಿಗೆ ಹೋಗುತ್ತಿದ್ದರು. "ಏಮಿರಾ ಇದಿ?" ಎಂದರು. ಆಮೇಲೆ ನನಗೆ ಇನ್ನಷ್ಟು ನಾಟಲಿ ಎಂದು ಕನ್ನಡದಲ್ಲೂ ಹೇಳಿದರು: "ಗಂಡ ಹೆಂಡ್ತಿ ಜಗಳ ಆಡಿ ಮುಖ ತಿರುವಿಕೊಂಡು ಕೂತಂಗೆ ಐತಲ್ಲಲೇ! ಇದನ್ನ ಉಟ್ಟ ಮದುವಣಗಿತ್ತಿ ಬಾಳ್ವೆ ಮಾಡ್ತಾಳೇನಲೇ?" ಕೊನೆಗೆ ಆ ಸೀರೆಯನ್ನು ತಮ್ಮ ಹೆಂಡತಿಗೇ ಕೊಟ್ಟರು. ಆ ಮಹಾತಾಯಿ ಗಂಡನ ಮೇಲೆ ಮುನಿಸಿಕೊಂಡ ದಿನವೆಲ್ಲ ಹಟ ಹಿಡಿದು ಅದನ್ನೇ ಉಡುತ್ತಿದ್ದರು. ಅಂಥ ದಿನ ನಾನು ಯಜಮಾನರ ಕಣ್ಣಿಗೆ ಬೀಳುತ್ತಿರಲಿಲ್ಲ.

ಚೌಡಪ್ಪನವರು ಸೀರೆಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಅಂಗೈ ಹಿಂಬದಿಯಿಂದ ಸವರಿ ನೋಡುತ್ತಿದ್ದರು. ಎಲ್ಲಿ ಒಂದು ಎಳೆ ಸಡಿಲವಿದ್ದರೂ ಕೈ ಅಲ್ಲೇ ನಿಲ್ಲುತ್ತಿತ್ತು. ಹೊಗಳುವ ಪದ್ಧತಿ ಅವರಲ್ಲಿರಲಿಲ್ಲ. ಬೈಯದೆ ನಶ್ಯ ಏರಿಸಿ ಮುಂದಕ್ಕೆ ನಡೆದರೆ ಕೆಲಸ ಚೆನ್ನಾಗಿದೆ ಎಂದೇ ನಾವು ತಿಳಿದುಕೊಳ್ಳಬೇಕಿತ್ತು.

ಇನ್ನು ಗಂಗಮ್ಮನ ವಿಷಯ. ನೀವು ಕೇಳಿದ್ದು ಹೂವು ಎತ್ತುವ ಬಗೆ. ಅದನ್ನು ಗಂಗಮ್ಮನನ್ನು ಬಿಟ್ಟು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಬಹಳ ವರ್ಷ ಹಾಗೆ ಸುಳ್ಳು ಹೇಳಿಯೂ ಇದ್ದೇನೆ.

ಆಷಾಢದ ಗಾಳಿ ಕಣ್ಣಿಗೆ ಮಣ್ಣೆರಚುವ ಕಾಲದಲ್ಲಿ ಅವಳು ಒಂದು ಗಂಟು ಹೊತ್ತು ಬಂದಳು. ಮೂವತ್ತರ ಹೆಂಗಸು. ಜೊತೆಯಲ್ಲಿ ಮುದಿ ತಾಯಿ. ರಾಯದುರ್ಗದ ಆಚೆ ಕಡೆಯವರು, ಮಗ್ಗದ ಜನವೇ, ಗಂಡ ತೀರಿಕೊಂಡ, ತಾಯಿ ಹುಟ್ಟು ಮೂಗಿ ಎಂದಳು. ಮನೆದೇವರು ಯಾವುದು, ಯಾರ ಪೈಕಿ ಎಂದು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟಳು. ಚೌಡಪ್ಪನವರು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವ ಕೆಲಸ ಕೊಟ್ಟರು. ನನ್ನ ಮನೆಯ ಹಿಂದೆ ಒಂದು ಒತ್ತಿನ ಕೋಣೆ ಖಾಲಿಯಿತ್ತು. ಅಲ್ಲಿ ತಾಯಿ ಮಗಳು ಇಳಿದುಕೊಂಡರು. ನನ್ನ ಹೆಂಡತಿ ದಿನಾ ಒಂದು ಬಟ್ಟಲು ಸಾರು ಕೊಡುತ್ತಿದ್ದಳು. ಮುದುಕಿ ಕೈ ಮುಗಿದು ತಗೊಳ್ಳುತ್ತಿತ್ತು.

ಆಗೆಲ್ಲ ನಾನು ಹೊಸ ನಕಾಶೆಯನ್ನು ಮೊದಲು ನೆಲದ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದೆ. ಇದ್ದಿಲಿನ ಗೆರೆ ಬಾಗುತ್ತದೆ, ದಾರ ಬಾಗುವುದಿಲ್ಲ. ಬಾಗಿದ ಗೆರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎಳೆಗಳಿಗೆ ಹಂಚಬೇಕು. ಅದೆಲ್ಲ ಅಂದಾಜು. ಒಂದು ದಿನ ಮಾವಿನಕಾಯಿಯ ಮೊನೆ ಹೊಂದದೆ, ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿ, ಮಾವಿನ ಮರದ ವಂಶವನ್ನೆಲ್ಲ ಬೈಯುತ್ತ ಕೂತಿದ್ದೆ. ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಗಂಗಮ್ಮ ಮೆಲ್ಲಗೆ ಅಂದಳು, "ಅಣ್ಣಾ, ಬರಿಯೋದು ಬ್ಯಾಡ. ಹೆಣೆದು ನೋಡಿದ್ರೆ ಆಗಲ್ವಾ?"

"ನಿನ್ನ ಜಡೆ ಹೆಣ್ಕೋ ಹೋಗು," ಎಂದೆ.

ಮರುದಿನ ಅಂಗೈ ಅಗಲದ ಒಂದು ಹೆಣಿಗೆ ತಂದು ನನ್ನ ಮುಂದೆ ಇಟ್ಟಳು. ಈಚಲು ಗರಿಯನ್ನು ಸಣ್ಣಗೆ ಸೀಳಿ, ಅರ್ಧಕ್ಕೆ ಅರಿಶಿನ ಹಚ್ಚಿ, ಒಂದರ ಮೇಲೊಂದು ಹಾಯಿಸಿ ಹೆಣೆದಿದ್ದಳು. ನಡುವೆ ಮಾವಿನಕಾಯಿ ಎದ್ದು ಕಾಣುತ್ತಿತ್ತು. ನಾನು ನಕ್ಕೆ. ಆಮೇಲೆ ಎಣಿಸಿದೆ. ಅರಿಶಿನದ ಗರಿ ಮೇಲೆ ಬಂದಲ್ಲಿ ಒಂದು ಗಂಟು, ಕೆಳಗೆ ಹೋದಲ್ಲಿ ಗಂಟಿಲ್ಲ. ಅಂದಾಜೇ ಬೇಡ! ಮೊನೆ ತಾನಾಗಿ ಹೊಂದಿತ್ತು. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ, ಮೂರನೆಯ ದಿನ ಅದನ್ನು ನೋಡಿಕೊಂಡೇ ಕಟ್ಟಿದೆ.

ಆಮೇಲೆ ಇದ್ದಿಲು ಮುಟ್ಟಲಿಲ್ಲ. ವಾರದ ಕೆಲಸ ಎರಡು ದಿನಕ್ಕೆ ಇಳಿಯಿತು. ಈ ಹೊಸ ಪದ್ಧತಿ ಯಾರು ಕಂಡುಹಿಡಿದದ್ದು ಎಂದು ಕೇಳಿದವರಿಗೆ ನಾನೇ ಎಂದು ಹೇಳಿದೆ. ಗಂಗಮ್ಮ ಎದುರಿಗೇ ಇದ್ದರೂ ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಸೌಜನ್ಯ ಇವಳದು ಎಂದುಕೊಂಡೆ. ಮಂಕುದಿಣ್ಣೆ ನಾನು.

ಮೂರನೆಯ ವರ್ಷ ಅವಳು ಮೊಳ ಅಗಲದ ಒಂದು ಹೆಣಿಗೆ ತಂದಳು. ಸೆರಗಿಗೆ ಅಂತ ಅಂದಳು. ಸಾಲಾಗಿ ಹನ್ನೊಂದು ಮುಮ್ಮೂಲೆಗಳು, ನನ್ನ ಕಣ್ಣಿಗೆ ಗುಡಿಯ ಗೋಪುರದ ಹಾಗೆ. ಅವುಗಳ ಕೆಳಗೆ ಹೇರು ಹೊತ್ತ ಕತ್ತೆಗಳ ಸಾಲು, ಬೆರಳುಗುರಿನಷ್ಟು ಸಣ್ಣವು. ಅಂಥ ಕೈಚಳಕ ನಾನು ನೋಡಿರಲಿಲ್ಲ. ಆದರೆ ಹನ್ನೊಂದರಲ್ಲಿ ನಾಲ್ಕು ಮುಮ್ಮೂಲೆಗಳು ಮಾತ್ರ ತುಂಬಿದ್ದವು. ಉಳಿದ ಏಳು ಬರೀ ಗೆರೆ, ಒಳಗೆ ಟೊಳ್ಳು.

"ಗೋಪುರ ಚೆನ್ನಾಗೈತೆ. ಏಳು ತುಂಬೋದು ಮರ್ತಿದೀಯ," ಎಂದೆ.

"ಮರ್ತಿಲ್ಲಣ್ಣ. ಅವು ಹಂಗೇ ಇರ್ಲಿ."

ಹಂಗೇ ಇರಲಿ ಎನ್ನಲು ಇವಳ್ಯಾರು? ನಕಾಶೆಯವನು ನಾನೋ ಅವಳೋ? ಏಳರಲ್ಲೂ ಜರಿ ತುಂಬುವ ಹಾಗೆ ಕಟ್ಟಿದೆ. ಒಂದು ಗೇಣು ನೇಯ್ದಾಗ ಅವಳು ಬಂದು ಮಗ್ಗದ ಕೆಳಗೆ ಬಗ್ಗಿ ಸೆರಗಿನ ಮುಖ ನೋಡಿದಳು. ಮೂರನೆಯ ಗೋಪುರದ ಹತ್ತಿರ ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಕಂಡಿಕೆ ಬಿಟ್ಟು ಎದ್ದು ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ಹೆಂಗಸರ ಸಿಟ್ಟು, ಸಂಜೆಗೆ ಇಳಿಯುತ್ತದೆ ಎಂದೆ.

ಅದೇ ವಾರ ತಯಾರಾದ ಸೀರೆಗಳನ್ನು ತಗೊಂಡು ಚಳ್ಳಕೆರೆಗೆ ಹೋದೆ. ಅಲ್ಲಿಯ ಜವಳಿ ಸಾಹುಕಾರರ ಅಂಗಡಿಗೆ ವರ್ಷಕ್ಕೆ ನಾಲ್ಕು ಸಲ ನಾನೇ ಹೋಗುತ್ತಿದ್ದೆ. ಆ ಸಲ ಜಂಬಕ್ಕೆ ಮಾವಿನಕಾಯಿಯ ಗರಿ ಹೆಣಿಗೆಯನ್ನೂ ಸೀರೆಯ ಜೊತೆ ಇಟ್ಟುಕೊಂಡಿದ್ದೆ. ನಕಾಶೆ ಕಟ್ಟುವವನು ಮಾದರಿಯನ್ನು ಮಗ್ಗದ ಮನೆಯಿಂದ ಆಚೆ ತರಬಾರದು, ಅದು ನಮ್ಮಲ್ಲಿ ಹಿಂದಿನಿಂದ ಬಂದ ಕಟ್ಟು. ಅದನ್ನು ಮೀರಿದೆ. "ನೋಡ್ರಿ ಸಾಹುಕಾರ್ರೆ, ನಾನು ಕಂಡುಹಿಡಿದ ಹೊಸ ಪದ್ಧತಿ!" ಎಂದು ಗಾದಿಯ ಮೇಲೆ ಹರಡಿದೆ.

ಅಂಗಡಿಯಲ್ಲಿ ಒಬ್ಬ ಗುಮಾಸ್ತ ಕೂತಿದ್ದ. ರಾಯದುರ್ಗದ ಆಚೆಯ ಒಂದು ಹಳ್ಳಿಯ ಪಟೇಲನ ಹತ್ತಿರ ಲೆಕ್ಕ ಬರೆಯುವವನು. ಪಟೇಲನ ಮನೆಗೆ ಬಟ್ಟೆ ಕೊಳ್ಳಲು ಬಂದಿದ್ದ. ಹಳ್ಳಿಯ ಹೆಸರು ಬೇಡ, ಅಲ್ಲಿಯವರು ಈಗಲೂ ನಮ್ಮಲ್ಲಿ ಸೀರೆ ಕೊಳ್ಳುತ್ತಾರೆ. ಅವನು ಹೆಣಿಗೆಯನ್ನು ಎತ್ತಿಕೊಂಡ. ಮಾವಿನಕಾಯಿ ನೋಡಲಿಲ್ಲ. ತಿರುಗಿಸಿ ಅದರ ಅಂಚು ನೋಡಿದ.

"ಈ ಅಂಚು ಮಡಿಚಿರೋದು ನೋಡ್ರಿ. ಗರಿ ತುದೀನ ಎರಡು ಸಲ ಒಳಕ್ಕೆ ಸಿಗಿಸೋದು ಬುಟ್ಟಿ ಹೆಣಿಯೋ ಕೊರಚರು ಮಾತ್ರ. ಇದು ನಿನ್ನ ಕೈಯಲ್ಲ. ಯಾರದು?"

"ನಮ್ಮ ಚೌಡಪ್ಪನವರ ಮಗ್ಗದ ಮನೇಲೇ ಹೆಣೆದಿದ್ದು," ಎಂದೆ.

"ಹಂಗಾ? ಮೂರು ವರ್ಷದ ಕೆಳಗೆ ನಮ್ಮೂರಿಂದ ಕೊರಚರು ತಪ್ಪಿಸ್ಕೊಂಡು ಹೋದ್ರು. ಪಟೇಲರು ಇನ್ನೂ ಹುಡುಕಿಸ್ತಾ ಅವ್ರೆ," ಎಂದ. ಬಿಳಿಯರ ಆಳ್ವಿಕೆಯ ಆ ಸೀಮೆಯಲ್ಲಿ ಆಗ ಸರ್ಕಾರವೇ ಆ ಜನವನ್ನೆಲ್ಲ ಹುಟ್ಟುಗಳ್ಳರು ಎಂದು ಪಟ್ಟಿ ಬರೆದು, ಠಾಣೆಯಲ್ಲಿ ಹಾಜರಿ ಹಾಕಿಸುತ್ತಿತ್ತು. ಹೆಣಿಗೆಯನ್ನು ಅವನು ಮಡಿಚಿ ಚೀಲಕ್ಕೆ ಹಾಕಿಕೊಂಡ. ನಾನು ಕೊಡು ಎನ್ನದೆ ಎದ್ದು ಬಂದೆ.

ವಾಪಸು ಬರುವಾಗ ಬಿ.ಜಿ. ಕೆರೆಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ಗಾಡಿ ಬಿಟ್ಟೆವು. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ಆಗ ನನಗೆ ಗಂಗಮ್ಮನ ಮೇಲೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ನನ್ನ ಮನೆ ಹಿಂದೆ ಮೂರು ವರ್ಷ ಇದ್ದು ನನಗೇ ಸುಳ್ಳು ಹೇಳಿದಳಲ್ಲ! ನನ್ನ ಹೆಂಡತಿಯ ಜೊತೆ ಕೂತು ಉಂಡವಳು ಯಾವ ಜನವೋ ಏನೋ! ಗಾಡಿಯಲ್ಲಿ ಕೂತು ಅವಳಿಗೆ ಏನೇನು ಅನ್ನಬೇಕೆಂದು ಎಲ್ಲ ಸಿದ್ಧಮಾಡಿಕೊಂಡೆ.

ಮನೆಗೆ ಬಂದವನೇ ಹಿತ್ತಲಿಗೆ ಹೋಗಿ, "ನೀನು ಕೊರಚರವಳಾ?" ಎಂದು ಕೇಳಿದೆ.

ಗಂಗಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. "ಹೂಂ," ಎಂದಳು. ಸಿದ್ಧಮಾಡಿಕೊಂಡು ಬಂದ ಮಾತು ನಾನು ತೆಗೆಯುವ ಮೊದಲೇ ಅವಳೇ ಹೇಳಿದಳು.

"ಪಟೇಲನ ಮನೇಲಿ ಕಳ್ತನ ಆಯ್ತಣ್ಣ. ಕದ್ದೋರು ಯಾರೋ, ನಮಗೇನು ಗೊತ್ತು. ಕೊರಚರೇ ಅಂದ್ರು. ನಾನೂ ಅವ್ವಾನೂ ಬುಟ್ಟಿ ಮಾರೋಕೆ ಹೋಗಿದ್ವಿ. ಬರೋವಷ್ಟರಲ್ಲಿ ಊರಿಗೂರೇ ಸೇರಿ ಬೆಂಕಿ ಇಕ್ಕಿದ್ರು. ಹನ್ನೊಂದು ಗುಡಿಸಲು ನಮ್ಮವು. ಏಳು ಉರಿದು ಹೋದ್ವು. ಮೂರನೇದು ನಮ್ದು. ನನ್ನ ಗಂಡ ಜ್ವರ ಬಂದು ಒಳಗೆ ಮಲಗಿದ್ದ."

ಮೂರನೆಯದು. ನಾನು ಅದನ್ನು ಜರಿ ತುಂಬಿ ಮಿರಮಿರ ಮಿಂಚಿಸಿದ್ದೆ.

"ಅವ್ವ ಮೂಗಿ ಅಲ್ಲಣ್ಣ," ಎಂದಳು ಗಂಗಮ್ಮ. "ಬಾಯಿ ಬಿಟ್ರೆ ನಡುವೆ ನಮ್ಮ ಮಾತು ಬಂದೇ ಬರ್ತೈತೆ. ಅದಕ್ಕೆ ದಾರೀಲೇ ಆಣೆ ಹಾಕಿಸಿದೆ. ಮೂರು ವರ್ಷ ಆಯ್ತು, ನನ್ನ ಹತ್ರಾನೂ ಮಾತಾಡಿಲ್ಲ. ಒಳಗೆ ಒಂದು, ಹೊರಗೆ ಒಂದು ಮಾಡೋಕೆ ಬರಲ್ಲ ಅಂತ ಪೂರಾ ಬಿಟ್ಟುಬಿಟ್ಲು. ಇವತ್ತೇ ಹೊರಟೋಗ್ತೀವಿ. ಊರಿಗೆ ಬೆಂಕಿ ತರಲ್ಲ."

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಗಂಟು ಕಟ್ಟಲು ಹೋದ ಗಂಗಮ್ಮನ ಕೈಯಿಂದ ಗಂಟು ಕಿತ್ತುಕೊಂಡವಳು ನನ್ನ ಹೆಂಡತಿ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಜಾತಿಗೀತಿ ಅಂತ ಬಾಯಿ ತೆಗೆದ್ರೆ ನೋಡ್ರಿ," ಎಂದು ನನಗೇ ಬೆರಳು ತೋರಿಸಿದಳು. "ಇವಳು ಸುತ್ತಿದ ನೂಲಿನ ಸೀರೆ ಗುಡಿಯಾಗೆ ಅಮ್ಮನ ಮೈಮ್ಯಾಲೈತೆ. ಅಮ್ಮನೇ ಸುಮ್ನೆ ಉಟ್ಕೊಂಡವ್ಳೆ, ನಿಮ್ದೇನು? ಯಜಮಾನ್ರ ಹತ್ರ ಹೋಗ್ರಿ. ತಪ್ಪು ಮಾಡಿ ಬಂದೋರು ನೀವು."

ಚೌಡಪ್ಪನವರ ಮುಂದೆ ನಿಂತು ಎಲ್ಲ ಒಪ್ಪಿಸಿದೆ. ಗರಿ ಪದ್ಧತಿ ನನ್ನದಲ್ಲ ಎನ್ನುವುದನ್ನೂ ಹೇಳಿದೆ. "ಅದು ನನಗೆ ಮೊದಲೇ ಗೊತ್ತಿತ್ತು. ನಿನಗೆಲ್ಲಿಂದ ಬರ್ಬೇಕು ಅಷ್ಟು ಬುದ್ಧಿ?" ಎಂದರು. ಮಾದರಿಯನ್ನು ಮಗ್ಗದ ಮನೆಯಿಂದ ಆಚೆ ಒಯ್ದದ್ದಕ್ಕೆ ಮಾತ್ರ ತೆಲುಗಿನಲ್ಲಿ ಬೈದರು, ಅದನ್ನು ಮೊಮ್ಮಗಳ ಕೈಯಲ್ಲಿ ಬರೆಸಲಾರೆ. ಆಮೇಲೆ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು.

"ಲೇ ಪಾಪಣ್ಣ, ಒಬ್ಬಳಿಗೆ ಬಂದ್ರೆ ಅದು ಕೊರಚರ ಹೆಣಿಗೆ. ಬೀದಿಗೆಲ್ಲ ಬಂದ್ರೆ?"

"ಬೀದಿಗೆಲ್ಲ ಯಾಕ್ರಿ?" ಎಂದೆ.

"ಬೀದಿಗೆಲ್ಲ ಬಂದ್ರೆ ಅದು ಮಗ್ಗದೋರ ಹೆಣಿಗೆ ಕಣಲೇ! ಹಳ್ಳದ ದಂಡೇಲಿ ಇರೋ ಈಚಲು ಗರೀನೆಲ್ಲ ತರ್ಸು. ಮನೆಮನೆ ಹೆಂಗಸರೂ ಕಲೀಲಿ. ಅಂಚು ಮಡಿಚೋದು ಮೊದಲು ಕಲೀಲಿ. ಆ ಪಟೇಲನ ಕಡೆಯೋರು ಬಂದೇ ಬರ್ತಾರೆ." ನಾನು ಹೊರಟಾಗ ಮತ್ತೆ ಕರೆದರು. "ಆ ಸೆರಗು ಕತ್ತರಿಸಿ ತೆಗಿ. ಅವಳು ಹೇಳಿದಂಗೆ ಕಟ್ಟು. ಏಳೂ ಟೊಳ್ಳೇ ಇರ್ಲಿ." ಒಂದು ಗೇಣು ರೇಷ್ಮೆ ಹಾಳಾಯಿತು ಎಂದು ಅವರು ಅನ್ನಲೇ ಇಲ್ಲ. ಆ ಸೆರಗಿನ ಸೀರೆಗಳನ್ನು ಆಮೇಲೆ ಜನ ಗುಡಿಸಲ ಸೆರಗು ಎಂದೇ ಕೇಳಿ ಕೊಂಡರು. ಟೊಳ್ಳು ಯಾಕೆ ಎಂದು ಕೇಳಿದವರಿಗೆ ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಆದರೆ ಅದು ಎಷ್ಟೋ ವರ್ಷದ ಮೇಲಿನ ಮಾತು.

ಹನ್ನೆರಡು ದಿನ ಗಂಗಮ್ಮ ನಮ್ಮ ಜಗಲಿಯ ಮೇಲೆ ಕೂತು ಕಲಿಸಿದಳು. ಹೊಸ ಪದ್ಧತಿ, ಎಲ್ಲರೂ ಕಲಿಯಬೇಕು ಎಂದಷ್ಟೇ ಯಜಮಾನರ ಅಪ್ಪಣೆ. ನಿಜವಾದ ಕಾರಣ ಯಾರಿಗೂ ಹೇಳಬಾರದು ಎಂದು ನಾನು ನನ್ನ ಹೆಂಡತಿಗೆ ಬಿಗಿಯಾಗಿ ಹೇಳಿದ್ದೆ. ಹಾಗಾಗಿ ಎರಡನೆಯ ದಿನಕ್ಕೆಲ್ಲ ಬೀದಿಗೇ ಗೊತ್ತಿತ್ತು. ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಎರಡು ಮನೆಯವರು ಗಂಗಮ್ಮ ಸುತ್ತಿದ ಕಂಡಿಕೆ ಬೇಡ ಎಂದರು, ಕೊನೆಯವರೆಗೂ ಬೇಡ ಎಂದೇ ಇದ್ದರು. ಆದರೆ ಆ ಎರಡು ಮನೆಯ ಹೆಂಗಸರೂ ಹೆಣಿಗೆ ಕಲಿತರು. ಪಟೇಲನ ಆಳುಗಳಿಗೆ ಹೆಣ್ಣುಮಗಳನ್ನು ಹಿಡಿದುಕೊಡಲು ಅವರಿಗೂ ಮನಸ್ಸು ಬರಲಿಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ಗಾಡಿ ಬಂತು. ಗುಮಾಸ್ತ, ಜೊತೆಗೆ ಪಟೇಲನ ಇಬ್ಬರು ಆಳುಗಳು. ದೊಣ್ಣೆ ಹಿಡಿದಿದ್ದರು. ಊರಾಚೆ ಗುಡಿಸಲಿನ ಹೆಂಗಸರ ಮುಖ ಅವರ್ಯಾರೂ ನೆಟ್ಟಗೆ ನೋಡಿದವರಲ್ಲ ಎಂದು ಗಂಗಮ್ಮ ಹೇಳಿದ್ದಳು, ನಮಗಿದ್ದ ಧೈರ್ಯ ಅದೊಂದೇ. ಗುಮಾಸ್ತ ನನ್ನ ಮಾವಿನಕಾಯಿ ಹೆಣಿಗೆಯನ್ನು ಚೌಡಪ್ಪನವರ ಮುಂದೆ ಹಿಡಿದು, "ಇದನ್ನ ಹೆಣೆದೋರು ಬೇಕು," ಎಂದ.

"ಇದು ಮಹಾರಾಜರ ಸೀಮೆ ಗುಮಾಸ್ತರೇ. ಆ ಸೀಮೆ ದೊಣ್ಣೆ ಇಲ್ಲಿ ಯಾಕೆ ತಂದ್ರಿ?" ಎಂದರು ಚೌಡಪ್ಪನವರು. "ಆದ್ರೂ ದೂರದಿಂದ ಬಂದೀರಿ, ನೋಡ್ಕೊಂಡು ಹೋಗ್ರಿ. ನಮ್ಮ ಬೀದೀಲಿ ಇದನ್ನ ಹೆಣಿಯದೆ ಇರೋರು ಯಾರಾದ್ರೂ ಇದ್ರೆ ನನಗೂ ತೋರಿಸ್ರಿ."

ನಾನು ಅವರ ಹಿಂದೆಯೇ ನಡೆದೆ. ಪ್ರತಿ ಜಗಲಿಯ ಮೇಲೂ ಹೆಂಗಸರು ಗರಿ ಹಿಡಿದು ಕೂತಿದ್ದರು. ಚೌಡಪ್ಪನವರ ಹೆಂಡತಿ ಕೂಡ ಕೂತಿದ್ದರು. ನನ್ನ ಹೆಂಡತಿಯ ಕೈಯಲ್ಲಿದ್ದದ್ದು ಮಾವಿನಕಾಯಿಯೋ ಬದನೆಕಾಯಿಯೋ ದೇವರಿಗೇ ಗೊತ್ತು, ಆದರೆ ಅಂಚು ಮಾತ್ರ ಎರಡು ಸಲ ಒಳಕ್ಕೆ ಸಿಗಿಸಿತ್ತು. ಆಳುಗಳು ಒಂದೊಂದನ್ನೇ ತಿರುಗಿಸಿ ನೋಡಿ ತಲೆ ಕೆರೆದುಕೊಂಡರು.

ನಮ್ಮ ಜಗಲಿಯ ತುದಿಯಲ್ಲಿ ಕೂತಿದ್ದ ಗಂಗಮ್ಮನ ತಾಯಿಯ ಹತ್ತಿರ ಒಬ್ಬ ಆಳು ನಿಂತ. "ಯಾವೂರಜ್ಜಿ?" ಎಂದ. "ಮೂಗಿ ಅದು," ಎಂದೆ. ಅವನು ಕುಕ್ಕರಗಾಲಲ್ಲಿ ಕೂತು, ಅವಳ ಮುಖಕ್ಕೆ ಮುಖ ತಂದು, ಬೇರೆ ಯಾವುದೋ ಮಾತಿನಲ್ಲಿ ನಗುತ್ತ ಏನೋ ಅಂದ. ಅವರ ಭಾಷೆಯಲ್ಲಿ, "ನಿನ್ನಳಿಯ ಚೆನ್ನಾಗಿ ಉರಿದ" ಎಂದನಂತೆ. ತಾಯಿಯಿಂದ ಕೇಳಿ ಗಂಗಮ್ಮ ಆಮೇಲೆ ಹೇಳಿದಳು. ಮುದುಕಿಯ ರೆಪ್ಪೆ ಅಲುಗಲಿಲ್ಲ. ಅವನನ್ನು ನೋಡುತ್ತಲೇ ಗರಿ ಹಾಯಿಸುತ್ತಿದ್ದಳು. ಅವನು ಥೂ ಎಂದು ಎದ್ದ.

ಗುಮಾಸ್ತ ಮಾತ್ರ ಬೀದಿ ಬಿಟ್ಟು ಮಗ್ಗದ ಮನೆಯೊಳಕ್ಕೆ ಬಂದ. ಅಲ್ಲಿ ಗಂಗಮ್ಮ ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತಿದ್ದಳು. ಅವಳನ್ನು ಅವನು ನೋಡಲಿಲ್ಲ. ಮಗ್ಗದಿಂದ ಅರ್ಧ ಇಳಿದು ತೂಗುತ್ತಿದ್ದ ಸೆರಗನ್ನು ನೋಡಿದ. ಕೈಯಲ್ಲಿ ತಿರುಗಿಸಿ ಹಿಡಿದ. ಟೊಳ್ಳು ಗುಡಿಸಲುಗಳ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿದ. ತುಂಬಿದ್ದ ನಾಲ್ಕನ್ನೂ ಎಣಿಸಿದ. ಕತ್ತೆಗಳ ಸಾಲು ಸವರಿದ. ಇವೇನು ಎಂದರೆ ಗೋಪುರ ಎಂದು ಹೇಳಬೇಕೆಂದು ನಾವು ಗೊತ್ತುಮಾಡಿಕೊಂಡಿದ್ದೆವು. ಅವನು ಏನು ಎಂದು ಕೇಳಲೇ ಇಲ್ಲ. ಅವನಿಗೆ ಗೊತ್ತಾಗಿತ್ತು.

"ಆ ದಿನ ನಾನು ಊರಲ್ಲೇ ಇದ್ದೆ," ಎಂದ. ನಮಗೆ ಹೇಳಿದ ಹಾಗಿರಲಿಲ್ಲ. "ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೆ."

ಗಂಗಮ್ಮನ ರಾಟೆ ನಿಂತಿತು. ಗುಮಾಸ್ತ ಸೆರಗನ್ನು ಇದ್ದ ಹಾಗೇ ಇಳಿಬಿಟ್ಟು, ಚೀಲದಿಂದ ಮಾವಿನಕಾಯಿಯ ಹೆಣಿಗೆ ತೆಗೆದು ಅವಳ ರಾಟೆಯ ಪಕ್ಕ ಇಟ್ಟ. ಹೊರಗೆ ಹೋಗಿ ಆಳುಗಳಿಗೆ ಗಟ್ಟಿಯಾಗಿ ಕೂಗಿದ, "ನಮಗೆ ಬೇಕಾದೋರು ಇಲ್ಲಿ ಯಾರೂ ಇಲ್ಲ. ಗಾಡಿ ಕಟ್ರಲೇ!"

ಗಾಡಿ ಕೆರೆ ಏರಿ ದಾಟುವವರೆಗೂ ಬೀದಿಯಲ್ಲಿ ಯಾರೂ ಏಳಲಿಲ್ಲ. ಧೂಳೂ ಕಾಣದಾದ ಮೇಲೆ ಚೌಡಪ್ಪನವರು ಜಗಲಿಯ ಮೇಲೆ ದೊಪ್ಪನೆ ಕೂತರು. ನನ್ನ ಹೆಂಡತಿ ಗರಿ ಬಿಸಾಕಿ, ಬೆರಳು ಸೀಳಿಹೋದವು ಎಂದು ಗೋಳಾಡಿದಳು. ಯಾರೋ ನಕ್ಕರು. ಒಬ್ಬರು ನಕ್ಕ ಕೂಡಲೇ ಬೀದಿಗೆ ಬೀದಿಯೇ ನಕ್ಕಿತು. ಎದೆಯ ಮೇಲಿನ ಚಪ್ಪಡಿ ಎತ್ತಿಟ್ಟ ಹಾಗಾಯಿತು ನನಗೆ.

ಆಗ ಹಿಂದಿನಿಂದ ಒಂದು ದನಿ ಬಂತು. ತುಕ್ಕು ಹಿಡಿದ ಅಗಳಿ ಎಳೆದ ಹಾಗಿತ್ತು. "ಏ ಪಾಪಣ್ಣನ ಹೆಂಡ್ತಿ!"

ತಿರುಗಿ ನೋಡಿದರೆ ಮುದುಕಿ!

"ಮೂರು ವರ್ಷ ಆಯ್ತು. ನಿನ್ನ ಸಾರಿಗೆ ಉಪ್ಪೇ ಇರಲ್ಲ ಕಣೇ. ಈ ಬೀದೀಲಿ ಒಬ್ರೂ ಹೇಳಲ್ವಾ ನಿನಗೆ?"

ಮುದುಕಿ ಕನ್ನಡ, ತೆಲುಗು, ತಮ್ಮ ಮಾತು ಎಲ್ಲ ಸೇರಿಸಿ ಸುರಿಸತೊಡಗಿತು. "ಚೌಡಪ್ಪ, ನಿನಗೂ ಒಂದು ಮಾತೈತೆ. ಈ ಪಾಪಣ್ಣ ದಿನಾ ಸಂಜೆ ನನ್ನ ಮುಂದೆ ಕೂತು ನಿನ್ನ ಜಿಪುಣ ಅಂತಾನೆ, ನಶ್ಯದ ಡಬ್ಬಿ ಅಂತಾನೆ. ಇನ್ನೂ ಏನೇನೋ ಅಂತಾನೆ, ಹೇಳ್ತೀನಿ ಕೇಳು!" ಮೂಗಿಯ ಮುಂದೆ ಯಾರಾದರೂ ಬಾಯಿ ಕಟ್ಟುತ್ತಾರಾ? ಮೂರು ವರ್ಷದ ನನ್ನ ಒಡಲುರಿಯೆಲ್ಲ ಅವಳ ಹೊಟ್ಟೆಯಲ್ಲಿತ್ತು. ಚೌಡಪ್ಪನವರು ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಮುದುಕಿಯ ಮಾತು ಅಳಿಯನ ಕಡೆಗೆ ತಿರುಗಿತು. ಅವನ ಹೆಸರು ಹೇಳಿದಳು. ಅವನು ಹೇಗೆ ಹಾಡುತ್ತಿದ್ದ, ಕತ್ತೆಗಳಿಗೆ ಏನೇನು ಹೆಸರಿಟ್ಟಿದ್ದ ಎಂದು ಹೇಳಿದಳು. ದನಿ ಏರುತ್ತಲೇ ಹೋಯಿತು. ಗಂಗಮ್ಮ ಮಗ್ಗದ ಮನೆಯಿಂದ ಓಡಿಬಂದು, ಮೂರು ವರ್ಷದ ಹೆದರಿಕೆಯಲ್ಲಿ ತಾಯಿಯ ಬಾಯಿ ಮುಚ್ಚಲು ಕೈ ಎತ್ತಿದಳು. ಒಮ್ಮೆ ಬೀದಿಯ ಉದ್ದಕ್ಕೂ ನಮ್ಮೆಲ್ಲರನ್ನೂ ನೋಡಿದಳು. ಯಾರೂ ಎದ್ದು ಹೋಗಿರಲಿಲ್ಲ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ತಾಯಿಯ ಪಕ್ಕದಲ್ಲಿ ಕೂತುಕೊಂಡು, "ಮಾತಾಡವ್ವ," ಎಂದಳು.